ಬಾತುಕೋಳಿಗೆ ಕೆರೆ ಬೇಡ, ಒಣ ನೆಲ ಕೊಡಿ

ಪತ್ತನಾಜೆಯ ಆಸುಪಾಸಿನಲ್ಲಿ ಪುತ್ತೂರು, ಸುಳ್ಯ, ಕಡಬದ ಕಡೆ ಎಷ್ಟೋ ಮನೆಗಳ ಹಿತ್ತಿಲಿಗೆ ಹಳದಿ ಬಣ್ಣದ ಬಾತುಕೋಳಿ ಮರಿಗಳು ಬರುತ್ತವೆ. ನಮ್ಮಂಥವರಿಗೆ ಕಾಲೇಜಿನ ರಜೆ, ಕೈಯಲ್ಲಿ ಮೊಬೈಲು. ಅಂಗಳದಲ್ಲಿ ಸಾಲಾಗಿ ಓಡುವ ಮರಿಗಳ ವಿಡಿಯೊಗೆ ಲೈಕುಗಳ ಬರವಿಲ್ಲ. ಮರಿ ತಂದವರಿಗೆ ನೆರೆಕರೆಯವರು ಹೇಳುವ ಧೈರ್ಯವೂ ಒಂದೇ ತೆರನಾದದ್ದು: ‘ನೀರಿನ ಹಕ್ಕಿ ತಾನೇ, ನಮ್ಮ ಮಳೆಗೆ ಹೇಳಿ ಮಾಡಿಸಿದ್ದು. ಏನೂ ಆಗುವುದಿಲ್ಲ.’

ಆದರೆ ಆಟಿ ಕಳೆಯುವಷ್ಟರಲ್ಲಿ ಒಂದು ಕುಂಟಲು ಶುರು ಮಾಡಿರುತ್ತದೆ. ಇನ್ನೊಂದು ಕಣ್ಣಿಗೆ ಅಂಟು ಹಿಡಿದು ಮೂಲೆ ಸೇರಿರುತ್ತದೆ. ಮತ್ತೊಂದು ಬೆಳಿಗ್ಗೆ ಗೂಡು ತೆರೆಯುವಾಗ ಎದ್ದಿರುವುದಿಲ್ಲ. ‘ಈ ಸಲ ಮಳೆ ಜೋರು, ತಡೆಯಲಿಲ್ಲ’ ಎಂದು ಹೇಳಿ ಸುಮ್ಮನಾಗುತ್ತೇವೆ. ಮಳೆಯ ಮೇಲೆ ಹೊರಿಸುವ ಈ ಅಪವಾದ ಸುಳ್ಳು ಎಂಬುದು ನನ್ನ ವಾದ. ಬಾತುಕೋಳಿಯನ್ನು ಕೊಲ್ಲುವುದು ಆಕಾಶದಿಂದ ಬೀಳುವ ನೀರಲ್ಲ, ನಾವು ಅದರ ಕಾಲ ಕೆಳಗೆ ಬಿಟ್ಟ ಕೆಸರು, ಮುಂದಿಟ್ಟ ಬೂಸ್ಟು ಹಿಡಿದ ಮೇವು ಮತ್ತು ನಾಲ್ಕು ದಿನದಿಂದ ಬದಲಿಸದ ಬಾಲ್ದಿ ನೀರು. ಈ ಮೂರೂ ನಮ್ಮ ಕೈಯಲ್ಲಿರುವ ಸಂಗತಿಗಳು.

ಮೊದಲು ಈ ಹಕ್ಕಿ ಯಾವುದೆಂದು ತಿಳಿಯಬೇಕು. ನಾವು ಇಂದು ಮಾಂಸಕ್ಕೆಂದು ಸಾಕುವ ಬಿಳಿ ಪೆಕಿನ್, ಅದರದೇ ರಕ್ತದ ವಿಗೋವಾ, ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕವಿ ಇವೆಲ್ಲ ಭಾರದ ತಳಿಗಳು. ಮಸ್ಕವಿಯೊಂದನ್ನು ಬಿಟ್ಟರೆ ಜಗತ್ತಿನ ಸಾಕು ಬಾತುಗಳೆಲ್ಲದರ ಮೂಲ ಮಲ್ಲಾರ್ಡ್ ಎಂಬ ಕಾಡು ಬಾತು. ಅದರ ತೂಕ ಸಾಮಾನ್ಯವಾಗಿ ಒಂದು, ಒಂದೂಕಾಲು ಕಿಲೋ. ಚಳಿಗಾಲದಲ್ಲಿ ಸಾವಿರಾರು ಕಿಲೋಮೀಟರ್ ಹಾರುವ ಹಕ್ಕಿ ಅದು. ಚೀನಾದಲ್ಲಿ ತಲೆತಲಾಂತರದಿಂದ ಆರಿಸಿ ಆರಿಸಿ ಬೆಳೆಸಿದ ಪೆಕಿನ್ ತಳಿ 1873ರಲ್ಲಿ ಅಮೆರಿಕ ತಲುಪಿತು, ಅಲ್ಲಿಂದ ಲೋಕವೆಲ್ಲ ಹಬ್ಬಿತು. ಇಂದಿನ ಪೆಕಿನ್ ಮೂರೂವರೆ, ನಾಲ್ಕು ಕಿಲೋ ತೂಗುತ್ತದೆ. ಏಳೆಂಟು ವಾರಕ್ಕೇ ಎರಡೂವರೆ ಕಿಲೋ ದಾಟುವಂತೆ ಅದನ್ನು ರೂಪಿಸಲಾಗಿದೆ. ತೂಕ ಮೂರು ಪಟ್ಟಾಯಿತು, ಕಾಲು ಮಾತ್ರ ಆ ಲೆಕ್ಕದಲ್ಲಿ ಗಟ್ಟಿಯಾಗಲಿಲ್ಲ. ದೇಶ ದೇಶ ಹಾರುತ್ತಿದ್ದ ಹಕ್ಕಿ ಈಗ ನಮ್ಮ ಜಗಲಿಯ ಮೆಟ್ಟಿಲನ್ನೂ ಹತ್ತಲಾರದು. ಈ ತೂಕ ಹಕ್ಕಿ ಕೇಳಿ ಪಡೆದದ್ದಲ್ಲ, ಮನುಷ್ಯ ತನ್ನ ತಟ್ಟೆಗಾಗಿ ಹೊರಿಸಿದ್ದು. ಹಾಗಿರುವಾಗ ಅದರ ಕಾಲಿನ ಹೊಣೆಯನ್ನೂ ಮನುಷ್ಯನೇ ಹೊರಬೇಕು. ನನ್ನ ಮಾತಿನ ತಿರುಳು ಇಷ್ಟೇ.

ಹಾಗಾಗಿ ಕಾಲಿನಿಂದಲೇ ಆರಂಭಿಸೋಣ. ನಮ್ಮ ಊರುಗಳಲ್ಲಿ ಹಿತ್ತಿಲೆಂದರೆ ಒಂದೋ ಮುರಕಲ್ಲಿನ ಒರಟು ನೆಲ, ಇಲ್ಲವೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರದ ಕೆಸರು. ಬಾತುವಿನ ಜಾಲಪಾದ ಮೆತ್ತಗಿನದು. ಒರಟು ಕಲ್ಲು, ಒಡೆದ ಸಿಮೆಂಟು, ತಂತಿಯ ತುಂಡು ತಾಗಿ ಅಂಗಾಲಿಗೆ ಸಣ್ಣ ಗಾಯವಾದರೆ ಸಾಕು, ನಾಲ್ಕು ಕಿಲೋ ಭಾರ ಅದರ ಮೇಲೆಯೇ ಬೀಳುತ್ತದೆ. ಕೆಸರಿನ ಸೂಕ್ಷ್ಮಾಣುಗಳು ಒಳಹೊಕ್ಕು ಕೀವು ಗಟ್ಟಿಯಾಗಿ, ಮೇಲೆ ಕಪ್ಪು ಹೆಕ್ಕಳೆ ಕಟ್ಟಿದ ಬಾವು ಆಗುತ್ತದೆ. ಕುಂಟುವುದು ಕಾಣುವಷ್ಟರಲ್ಲಿ ಬಾವು ಹಳೆಯದಾಗಿರುತ್ತದೆ. ವಾರಕ್ಕೊಮ್ಮೆ ಪ್ರತಿ ಹಕ್ಕಿಯ ಅಂಗಾಲು ನೋಡುವುದಕ್ಕೆ ಎರಡು ನಿಮಿಷ ಸಾಕು. ಹೀಗೆ ನೋಡುವ ಅಭ್ಯಾಸ ಇರುವ ಮನೆಯಲ್ಲಿ ಅರ್ಧ ರೋಗ ಆಗಲೇ ಕಡಿಮೆ.

ರಾತ್ರಿ ಮಲಗಲು ಒಂದು ಹಕ್ಕಿಗೆ ಮೂರರಿಂದ ನಾಲ್ಕು ಚದರಡಿ, ಹಗಲು ಓಡಾಡಲು ಹತ್ತರಿಂದ ಹದಿನೈದು ಚದರಡಿ ಜಾಗ ಬೇಕು. ಜಾಗಕ್ಕಿಂತ ಮುಖ್ಯ ಅದು ಒಣಗಿರುವುದು. ಗೂಡಿನ ನೆಲ ಅಂಗಳಕ್ಕಿಂತ ಅರ್ಧ ಅಡಿಯಾದರೂ ಎತ್ತರದಲ್ಲಿರಲಿ. ಅದರ ಮೇಲೆ ಉಮಿ ಅಥವಾ ಮರದ ಹುಡಿಯನ್ನು ದಪ್ಪಗೆ ಹರಡಿ. ಒದ್ದೆಯಾದಲ್ಲಿ ಮಗುಚಿ, ತೀರಾ ನೆನೆದದ್ದನ್ನು ತೆಗೆದು ತೆಂಗಿನ ಬುಡಕ್ಕೆ ಹಾಕಿ. ಬೈಹುಲ್ಲು ಹಾಸುವುದಾದರೆ ಮೂಸಿ ನೋಡಿ ಹಾಸಬೇಕು. ಮಳೆಗಾಲದ ಬೂಸ್ಟು ಹುಲ್ಲಿನ ಹುಡಿ ಹಕ್ಕಿಯ ಶ್ವಾಸಕೋಶಕ್ಕೆ ನೇರ ಶತ್ರು. ಗೂಡಿಗೆ ಮೆಟ್ಟಿಲು ಬೇಡ, ಇಳಿಜಾರಾದ ಹಲಗೆ ಇಡಿ. ಇನ್ನೊಂದು ಮಾತು: ಕೋಳಿಯನ್ನು ಹಿಡಿದಂತೆ ಕಾಲು ಹಿಡಿದು ತಲೆಕೆಳಗಾಗಿ ಬಾತುಕೋಳಿಯನ್ನು ಎತ್ತಬಾರದು. ಆ ಭಾರಕ್ಕೆ ಕೀಲು ತಪ್ಪುತ್ತದೆ. ಎರಡೂ ಕೈಯಲ್ಲಿ ರೆಕ್ಕೆ ಸಮೇತ ಮೈ ಅವುಚಿ, ಕೆಳಗಿನಿಂದ ಆಧಾರ ಕೊಟ್ಟು ಎತ್ತಬೇಕು. ಕೋಳಿ ಸಾಕಿ ಕೈ ಪಳಗಿದವರೂ ಇಲ್ಲಿ ಎಡವುತ್ತಾರೆ.

ಇನ್ನು ನೀರು. ‘ಕೆರೆ ಇಲ್ಲದ ಮನೆಯಲ್ಲಿ ಬಾತುಕೋಳಿ ಸಾಕುವುದು ಹೇಗೆ?’ ಎಂದು ಕೇಳುವವರಿದ್ದಾರೆ. ಕೆರೆ ಬೇಕಾಗಿಯೇ ಇಲ್ಲ. ಬೇಕಾದದ್ದು ತಲೆ ಮುಳುಗುವಷ್ಟು, ಅಂದರೆ ಐದಾರು ಇಂಚು ಆಳದ ಚೊಕ್ಕ ನೀರು. ಬಾತು ತನ್ನ ಮೂಗಿನ ಹೊಳ್ಳೆ ಮತ್ತು ಕಣ್ಣನ್ನು ತೊಳೆದುಕೊಳ್ಳುವುದು ನೀರಿನಲ್ಲಿ ತಲೆ ಅದ್ದಿ. ಕೋಳಿಗೆ ಇಡುವ ಚಪ್ಪಟೆ ತಟ್ಟೆಯಲ್ಲಿ ಇದು ಸಾಧ್ಯವಿಲ್ಲ, ಆಗಲೇ ಕಣ್ಣಿಗೆ ಅಂಟು ಹಿಡಿಯುವುದು. ಮೇವು ನುಂಗಲೂ ಅದಕ್ಕೆ ಪಕ್ಕದಲ್ಲೇ ನೀರು ಬೇಕು. ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಮೈಗೆಲ್ಲ ಸವರಿಕೊಂಡರೆ ಮಾತ್ರ ಗರಿ ನೀರು ಹಿಡಿಯುವುದಿಲ್ಲ. ಮೀಯಲು ನೀರಿಲ್ಲದೆ ಕೊಳಕಾದ ಗರಿ ಮಳೆಯಲ್ಲಿ ಬಟ್ಟೆಯಂತೆ ನೆನೆಯುತ್ತದೆ. ವಾರಕ್ಕೆರಡು ಸಲ ದೊಡ್ಡ ಟಬ್ಬಿನಲ್ಲಿ ಮೀಯಲು ಬಿಟ್ಟರೆ ಸಾಕು. ಆದರೆ ಯಂತ್ರದಲ್ಲಿ ಒಡೆದು ಬಂದ, ತಾಯಿಯಿಲ್ಲದ ಮರಿಗಳನ್ನು ಮೊದಲ ನಾಲ್ಕೈದು ವಾರ ಟಬ್ಬಿಗೆ ಇಳಿಸಬಾರದು. ಅವು ನೆನೆದು, ಚಳಿ ಹಿಡಿದು ಸಾಯುತ್ತವೆ. ವಿಡಿಯೊಗಾಗಿ ಮರಿಗಳನ್ನು ನೀರಿಗೆ ಬಿಡುವವರು ಇದನ್ನು ನೆನಪಿಡಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವ ಹೊತ್ತು ಹೇಳುವವರಿಲ್ಲ. ಬಲ್ಬಿನ ಶಾಖವನ್ನೇ ನಂಬಿದ ಮರಿಗಳಿಗೆ ಬಿಸಿನೀರು ತುಂಬಿ ಗೋಣಿ ಸುತ್ತಿದ ಬಾಟಲಿಯಾದರೂ ತಯಾರಿರಲಿ.

ನೀರನ್ನು ದಿನವೂ ಬದಲಿಸಬೇಕು. ಬಾತು ಮಿಂದ ನೀರು ಬಾಳೆಗೂ ಅಡಿಕೆಗೂ ಒಳ್ಳೆಯ ಗೊಬ್ಬರ. ಬದಲಿಸದೆ ಬಿಟ್ಟರೆ ಅದೇ ನೀರು ಸೊಳ್ಳೆಯ ತೊಟ್ಟಿಲು. ಡೆಂಗಿ ಮನೆ ಮನೆಗೆ ಬರುವ ನಮ್ಮ ಊರಿನಲ್ಲಿ ಇದು ಬಾತುಕೋಳಿಯ ವಿಷಯವಷ್ಟೇ ಅಲ್ಲ.

ಇಲ್ಲಿ ಒಬ್ಬರು ಕೇಳಬಹುದು: ‘ಇಷ್ಟೆಲ್ಲ ಯಾಕೆ, ತೋಟದ ಕಣಿಗೆ ಬಿಟ್ಟರಾಯಿತಲ್ಲ? ಬಸವನಹುಳುವನ್ನೂ ತಿನ್ನುತ್ತವೆ.’ ತಿನ್ನುತ್ತವೆ, ನಿಜ. ಆದರೆ ಇಂದಿನ ಅಡಿಕೆ ತೋಟದ ಕಣಿ ನಮ್ಮ ಅಜ್ಜಂದಿರ ಕಾಲದ ಗದ್ದೆಯ ತೋಡಲ್ಲ. ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳಲ್ಲಿ ಮೈಲುತುತ್ತು ಸೇರಿದ ಬೋರ್ಡೋ ದ್ರಾವಣ ಸೋಗೆಯಿಂದ ತೊಟ್ಟಿಕ್ಕಿ ಕಣಿ ಸೇರುತ್ತದೆ. ಡ್ರಮ್ಮು ತೊಳೆದ ನೀರೂ ಅಲ್ಲಿಗೇ. ಹಕ್ಕಿಯ ಹೊಟ್ಟೆಗೆ ತಾಮ್ರ ಹೆಚ್ಚಾದರೆ ಅದು ವಿಷ. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯಂತೂ ಹಕ್ಕಿಗೂ ನಾಯಿಗೂ ನೇರ ಮೃತ್ಯು. ಬೇಸಿಗೆಯಲ್ಲಿ ಪಳ್ಳದ ನೀರು ಬತ್ತಿ, ಎಲೆ ಕೊಳೆತು, ಏನೋ ಸತ್ತು ಬಿದ್ದಿದ್ದರೆ ಅದರಲ್ಲಿ ಬಾಟ್ಯುಲಿಸಂ ವಿಷ ಹುಟ್ಟುತ್ತದೆ. ಅದನ್ನು ಕೆದಕಿದ ಬಾತಿಗೆ ಕುತ್ತಿಗೆ ಎತ್ತಲಾಗುವುದಿಲ್ಲ. ತೋಟಕ್ಕೆ ಬಿಡಬೇಡಿ ಎಂದು ನಾನು ಹೇಳುತ್ತಿಲ್ಲ. ಮದ್ದು ಬಿಟ್ಟ ಮೇಲೆ ಒಳ್ಳೆಯ ನಾಲ್ಕು ಮಳೆ ಬಂದು ಕಣಿ ತೊಳೆದು ಹೋಗುವವರೆಗೆ ಬೇಲಿಯೊಳಗೆ ಇರಲಿ ಎನ್ನುತ್ತಿದ್ದೇನೆ. ಗುಳಿಗೆ ಇಟ್ಟ ತೋಟಕ್ಕೆ ಮಾತ್ರ ಬಾತು ಬೇಡವೇ ಬೇಡ. ಬೇಲಿಯೂ ಗಟ್ಟಿಯಾಗಿರಲಿ. ಕೀರಿ, ಕಾಡುಬೆಕ್ಕು, ಹೆಬ್ಬಾವು ಇರುವ ಊರು ನಮ್ಮದು. ತೆಳ್ಳಗಿನ ಕೋಳಿಬಲೆಯನ್ನು ಬೀದಿನಾಯಿ ಒಂದೇ ಎಳೆತಕ್ಕೆ ಹರಿಯುತ್ತದೆ. ಬೆಸೆದ ತಂತಿಯ ಬಲೆ ಹಾಕಿ, ಕೆಳಗಿನ ಅಂಚನ್ನು ಮಣ್ಣಿನೊಳಗೆ ಹೂಳಬೇಕು. ಕತ್ತರಿಸಿ ಉಳಿದ ತಂತಿಯ ತುಣುಕುಗಳನ್ನು ಹೆಕ್ಕಿ ತೆಗೆಯಬೇಕು, ಏಕೆಂದರೆ ಹೊಳೆಯುವುದೆಲ್ಲ ಬಾತಿಗೆ ನುಂಗುವ ವಸ್ತು.

ಮೂರನೆಯದು ಮೇವು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬಾತುಕೋಳಿ ಮರಿಗಳೂ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ನೆಲಗಡಲೆ ಹಿಂಡಿ, ಅದರಲ್ಲಿ ಬೆಳೆದ ಬೂಸ್ಟು, ಆ ಬೂಸ್ಟು ಉಗುಳಿದ ವಿಷ. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಈ ವಿಷಕ್ಕೆ ಬಾತುಮರಿ ಎಷ್ಟು ಸೂಕ್ಷ್ಮವೆಂದರೆ, ಮೇವಿನಲ್ಲಿ ವಿಷವಿದೆಯೇ ಎಂದು ಪರೀಕ್ಷಿಸಲು ಆಗ ವಿಜ್ಞಾನಿಗಳು ಬಳಸಿದ್ದು ಒಂದು ದಿನದ ಬಾತುಮರಿಗಳನ್ನೇ. ಈಗ ನಮ್ಮ ಮನೆಯನ್ನು ನೋಡಿ. ವರ್ಷಕ್ಕೆ ಹೆಚ್ಚು ಕಡಿಮೆ 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಬರುವ ಊರಿನಲ್ಲಿ, ಹಟ್ಟಿಯ ಮೂಲೆಯ ಗೋಣಿಯಲ್ಲಿರುವ ಜೋಳದ ನುಚ್ಚಿಗೂ ಹಿಂಡಿಗೂ ಬರದಿರುತ್ತದೆಯೇ? ‘ಮನುಷ್ಯರಿಗಾಗದು, ಬಾತಿಗೆ ಹಾಕು’ ಎಂಬ ನಮ್ಮ ಮಾತೇ ತಪ್ಪು. ಮನುಷ್ಯರಿಗಿಂತ ಮೊದಲು ಬಾತಿಗೆ ಆಗದು. ಮಳೆಗಾಲದಲ್ಲಿ ಹತ್ತು ದಿನಕ್ಕೆ ಬೇಕಾದಷ್ಟನ್ನು ಮಾತ್ರ ತನ್ನಿ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ನೆಲಕ್ಕೆ ತಾಗದಂತೆ ಇಡಿ. ನೆನೆಸಿದ ಮೇವು ಸಂಜೆಗೆ ಉಳಿದರೆ ಗೊಬ್ಬರದ ಗುಂಡಿಗೆ ಹಾಕಿ. ಚೆಲ್ಲಿದ ಮೇವಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಇಲಿಜ್ವರವೂ ಬರುತ್ತದೆ.

ಮೇವಿನ ಇನ್ನೊಂದು ಗುಟ್ಟು ನಯಾಸಿನ್ ಎಂಬ ಜೀವಸತ್ವ. ಕೋಳಿಮರಿಗೆ ಕಿಲೋ ಮೇವಿನಲ್ಲಿ ಸುಮಾರು 35 ಮಿಲಿಗ್ರಾಂ ಸಾಕಾದರೆ ಪೆಕಿನ್ ಮರಿಗೆ 55 ಮಿಲಿಗ್ರಾಂ ಬೇಕು. ಕೋಳಿಮರಿಯ ಮೇವನ್ನಷ್ಟೇ ತಿಂದು ಬೇಗ ಬೇಗ ತೂಕ ಏರುವ ಬಾತುಮರಿಯ ಕಾಲು ಬಿಲ್ಲಿನಂತೆ ಬಾಗುವುದು, ಅದು ಕುಳಿತಲ್ಲೇ ತೆವಳುವುದು ಹೆಚ್ಚಾಗಿ ಇದರ ಕೊರತೆಯಿಂದ. ಅನ್ನವೊಂದನ್ನೇ ಹಾಕಿದರಂತೂ ಕೇಳುವುದೇ ಬೇಡ. ಬ್ರೂವರ್ಸ್ ಯೀಸ್ಟ್ ಪುಡಿಯನ್ನು ಮೇವಿಗೆ ಬೆರೆಸಬಹುದು. ಮೀನಿನ ದಿನ ಬೂತಾಯಿಯ ತಲೆಯನ್ನು ಉಪ್ಪು ಹಾಕದೆ ಬೇಯಿಸಿ, ನುರಿದು ಕೊಡಬಹುದು. ಉಪ್ಪು ಹಾಕದೆ ಎಂಬುದು ಮುಖ್ಯ. ಒಣಮೀನಿನ ಚೂರು, ಉಪ್ಪಿನಕಾಯಿಯ ರಸ ಸೇರಿದ ಎಂಜಲು ಬಾತಿಗೆ ಒಳ್ಳೆಯದಲ್ಲ. ಕಾಲು ಬಾಗಿದ ಮರಿಯನ್ನು ‘ಹುಟ್ಟಾ ಕುಂಟು’ ಎಂದು ಬಿಡುವ ಮೊದಲು ಪಶುವೈದ್ಯರಿಗೆ ತೋರಿಸಿ. ಬೇಗ ಗಮನಿಸಿದರೆ ಸರಿಯಾಗುವ ಸಾಧ್ಯತೆ ಇದೆ.

ಇಷ್ಟು ಮನೆಯೊಳಗಿನ ಮಾತು. ನಮ್ಮ ಹಿತ್ತಿಲಿನ ಬೇಲಿ ದಾಟಿ ಹೋಗುವ ವಿಷಯ ಒಂದಿದೆ. ಸುಳ್ಯದಿಂದ ಜಾಲ್ಸೂರು ದಾಟಿದರೆ ಕೇರಳ. ಅಲ್ಲಿ ಕುಟ್ಟನಾಡಿನ ಗದ್ದೆಗಳಲ್ಲಿ ಬಾತುಕೋಳಿ ಸಾಕಣೆ ಸಾವಿರಾರು ಜನರ ಕಸುಬು. 2014ರ ನವೆಂಬರಿನಲ್ಲಿ ಹಕ್ಕಿಜ್ವರ ಬಂದದ್ದು ಆ ಬಾತುಗಳಿಗೇ. ಅಂದಿನಿಂದ ಮತ್ತೆ ಮತ್ತೆ ಬಂದಿದೆ. ಕಷ್ಟದಲ್ಲಿ ಸಾಕಿದವರು ತಮ್ಮ ಹಿಂಡನ್ನು ಸುಡುವುದನ್ನು ನಿಂತು ನೋಡಬೇಕಾಯಿತು. ನಮ್ಮ ರಾಜ್ಯವೂ ಹೊರತಲ್ಲ. ಬಾತುಕೋಳಿ ತಳಿಗಳನ್ನು ಕಾಪಾಡಿ ಮರಿ ಕೊಡುತ್ತಿದ್ದ ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ 2012ರ ಅಕ್ಟೋಬರಿನಲ್ಲಿ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ತಗಲಿ, ಅಲ್ಲಿದ್ದ ಹಕ್ಕಿಗಳನ್ನೆಲ್ಲ ಕೊಲ್ಲಬೇಕಾಯಿತು. ಬಾತುಕೋಳಿ ಕೆಲವೊಮ್ಮೆ ತಾನು ಸೊರಗದೆಯೇ ಈ ರೋಗಾಣುವನ್ನು ಹೊತ್ತು ತಿರುಗಬಲ್ಲದು. ಆದ್ದರಿಂದ ದಾರಿಬದಿಯ ಟೆಂಪೊದಲ್ಲಿ ಅಗ್ಗಕ್ಕೆ ಸಿಗುವ, ಎಲ್ಲಿಂದ ಬಂತೆಂದು ಹೇಳುವವರಿಲ್ಲದ ಮರಿಗಳನ್ನು ತರಬೇಡಿ. ಎಲ್ಲಿಂದ ತಂದರೂ ಮೂರು ವಾರ ಹಳೆಯ ಹಕ್ಕಿಗಳಿಂದ ದೂರವಿಡಿ. ಒಂದರ ಹಿಂದೆ ಒಂದು ಸತ್ತರೆ ತೋಡಿಗೆ ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ. ಹತ್ತಿರದ ಪಶು ಆಸ್ಪತ್ರೆಗೋ 1962 ಸಹಾಯವಾಣಿಗೋ ತಿಳಿಸಿ. ನಾವು ತೋಡಿಗೆ ಎಸೆದದ್ದು ಪಯಸ್ವಿನಿಗೋ ಕುಮಾರಧಾರೆಗೋ ಸೇರಿ ಕೆಳಗಿನ ಊರಿನವರ ನೀರಾಗುತ್ತದೆ.

ಲಸಿಕೆಯ ವಿಚಾರದಲ್ಲಿ ಮಾತ್ರ ತಪ್ಪು ಸಾಕುವವರದ್ದಷ್ಟೇ ಅಲ್ಲ. ಬಾತುಗಳಿಗೆ ಬರುವ ಪ್ಲೇಗ್ ಎಂಬ ರೋಗ ಹಿಂಡನ್ನೇ ಒರೆಸಿ ಹಾಕುವಂಥದ್ದು. ಎಂಟು ವಾರದ ಆಸುಪಾಸಿನಲ್ಲಿ ಅದಕ್ಕೆ ಲಸಿಕೆ ಹಾಕಿಸಬಹುದು. ಆದರೆ ಲಸಿಕೆಯ ಒಂದು ಸೀಸೆ ನೂರಾರು ಹಕ್ಕಿಗಳ ಲೆಕ್ಕದ್ದು. ಒಡೆದ ಮೇಲೆ ಕೆಲವೇ ಗಂಟೆಯೊಳಗೆ ಮುಗಿಸಬೇಕು. ಮನೆಗೆ ಐದಾರು ಬಾತು ಇರುವ ನಮ್ಮಂಥವರು ಒಬ್ಬೊಬ್ಬರೇ ಹೋಗಿ ಕೇಳಿದರೆ ಯಾವ ವೈದ್ಯರೂ ಏನು ಮಾಡಿಯಾರು? ದಾರಿ ಇಲ್ಲದಿಲ್ಲ. ಹಾಲಿನ ಸೊಸೈಟಿಯಲ್ಲೋ ಸ್ವಸಹಾಯ ಸಂಘದ ವಾರದ ಸಭೆಯಲ್ಲೋ ಬಾತುಕೋಳಿ ಇರುವ ಮನೆಗಳ ಪಟ್ಟಿ ಮಾಡಿ, ಗ್ರಾಮಕ್ಕೊಂದು ದಿನ ಗೊತ್ತು ಮಾಡಿದರೆ ಸೀಸೆ ವ್ಯರ್ಥವಾಗದು. ಪಟ್ಟಿ ಬರೆಯುವ, ಫೋನು ಮಾಡುವ ಕೆಲಸ ನಮ್ಮಂಥ ಹುಡುಗ ಹುಡುಗಿಯರದ್ದಾಗಲಿ. ಇಲಾಖೆಯೂ ದನ, ಆಡು, ಕೋಳಿಯ ಸಾಲಿನಲ್ಲಿ ಬಾತುಕೋಳಿಯನ್ನೂ ಎಣಿಸಲಿ. ಕಡಬದ ಕೊಯಿಲದಲ್ಲಿ ಪಶುವೈದ್ಯಕೀಯ ಕಾಲೇಜು ಬೇಕೆಂಬುದು ನಮ್ಮ ಭಾಗದ ಹಳೆಯ ಕನಸು. ಅಲ್ಲಿ ಕಲಿಯುವವರು ಹಿತ್ತಿಲ ಹಕ್ಕಿಗಳನ್ನೂ ಮುಟ್ಟಿ ನೋಡುವಂತಾಗಬೇಕು.

‘ಅಜ್ಜಿಯ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಆಗ ಬಾತು ಬದುಕಲಿಲ್ಲವೇ?’ ಎಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಬದುಕಿದವು. ಆದರೆ ಆಗಿನವು ಹಗುರವಾದ ನಾಟಿ ಬಾತುಗಳು. ಬಯಲು ತುಂಬ ಭತ್ತದ ಗದ್ದೆಗಳಿದ್ದವು, ನಡೆದಾಡಲು ಮೆತ್ತಗಿನ ನೆಲ, ತಿನ್ನಲು ಹುಳುಹುಪ್ಪಟೆ. ಇಂದು ಆ ಗದ್ದೆಗಳಲ್ಲಿ ಹೆಚ್ಚಿನವು ಅಡಿಕೆ ತೋಟಗಳಾಗಿವೆ, ಹಕ್ಕಿ ನಾಲ್ಕು ಕಿಲೋದ್ದಾಗಿದೆ, ಜಾಗ ಒಂದು ಬೇಲಿಯೊಳಗಿನದ್ದಾಗಿದೆ. ಹಕ್ಕಿಯನ್ನೂ ನೆಲವನ್ನೂ ಬದಲಿಸಿದ ನಾವು ಸಾಕುವ ಕ್ರಮವನ್ನು ಮಾತ್ರ ಹಳೆಯದೇ ಇರಲಿ ಎಂದರೆ ಹೇಗೆ?

ಇನ್ನು ಕೆಲವರು, ‘ಕೊನೆಗೆ ಕೊಯ್ದು ತಿನ್ನುವ ಹಕ್ಕಿಗೆ ಇಷ್ಟು ಉಪಚಾರವೇ?’ ಎಂದು ನಗುತ್ತಾರೆ. ತಿನ್ನುವವರನ್ನು ನಾನು ಆಕ್ಷೇಪಿಸುವುದಿಲ್ಲ. ನಮ್ಮ ಮನೆಯಲ್ಲೂ ತಿನ್ನುತ್ತೇವೆ. ಆದರೆ ಕೊಯ್ಯುವ ದಿನದವರೆಗೆ ಅದು ನೋವಿಲ್ಲದೆ ನಡೆಯಬೇಕು ಎಂಬುದು ದೊಡ್ಡ ಬೇಡಿಕೆಯಲ್ಲ. ಲೆಕ್ಕದ ಮಾತೇ ಬೇಕೆಂದರೆ ಅದೂ ಇದೆ. ಸುಳ್ಯದ ಕಡೆ ಹಳದಿ ಎಲೆ ರೋಗ, ಎಲ್ಲೆಡೆ ಎಲೆಚುಕ್ಕಿ ಎಂದು ಅಡಿಕೆಯ ಭರವಸೆ ಅಲುಗಾಡುತ್ತಿರುವಾಗ ಹಿತ್ತಿಲಿನ ಮೊಟ್ಟೆ, ಮಾಂಸ ಸಣ್ಣ ಆದಾಯವಾದೀತೆಂದು ಅನೇಕ ಗೆಳೆಯರು ಯೋಚಿಸುತ್ತಿದ್ದಾರೆ. ಒಳ್ಳೆಯ ಯೋಚನೆಯೇ. ಎರಡು ಗೋಣಿ ಉಮಿಗೆ, ಒಂದು ಬಿಗಿ ಮುಚ್ಚಳದ ಡಬ್ಬಕ್ಕೆ ಹಿಂಜರಿದು ಹತ್ತು ಹಕ್ಕಿ ಕಳೆದುಕೊಂಡರೆ ಆದಾಯ ಎಲ್ಲಿಂದ ಬರಬೇಕು?

ಹಾಗಾಗಿ ಈ ಸಲ ಮರಿ ತರುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಜುಲೈ ತಿಂಗಳ ಮಳೆಯಲ್ಲೂ ಒಣಗಿರುವ ಜಾಗ ನನ್ನ ಹಿತ್ತಿಲಿನಲ್ಲಿ ಇದೆಯೇ? ಮೇವು ಬೂಸ್ಟು ಬಾರದಂತೆ ಇಡಬಲ್ಲೆನೇ? ಒಂಟಿಯಾಗಿ ಸೊರಗುವ ಈ ಹಕ್ಕಿಗೆ ಕಡಿಮೆಯೆಂದರೆ ಮೂರರ ಜೊತೆ, ಒಂದು ಗಂಡಿಗೆ ನಾಲ್ಕೈದು ಹೆಣ್ಣು ಎಂಬ ಲೆಕ್ಕದಲ್ಲಿ ಸಾಕಲು ಜಾಗ ಸಾಲುತ್ತದೆಯೇ? ಕೊನೆಯ ಪ್ರಶ್ನೆ ನಮ್ಮ ವಯಸ್ಸಿನವರಿಗೇ ಮೀಸಲು: ರಜೆ ಮುಗಿದು ನಾನು ಹಾಸ್ಟೆಲಿಗೆ ಹೊರಟ ಮೇಲೆ ದಿನಾ ಆ ಟಬ್ಬಿನ ನೀರು ಬದಲಿಸುವವರು ಯಾರು?

ಎಷ್ಟೋ ಮನೆಗಳಲ್ಲಿ ಉತ್ತರ ‘ಅಮ್ಮ’. ಬೆಳಿಗ್ಗೆ ಹಟ್ಟಿಯ ಕೆಲಸ, ಅಡುಗೆ, ತೋಟ, ಅದರ ಮೇಲೆ ನಾವು ವಿಡಿಯೊ ಮಾಡಿ ಬಿಟ್ಟುಹೋದ ಆರು ಬಾತುಗಳು. ಸೊಂಟ ನೋವಿನ ನಡುವೆ ಅವರು ಹೊರುವ ಬಾಲ್ದಿಗಳ ಲೆಕ್ಕ ಯಾವ ವಿಡಿಯೊದಲ್ಲೂ ಇಲ್ಲ. ಅಮ್ಮನನ್ನು ಕೇಳದೆ ತಂದ ಮರಿ ಅಮ್ಮನಿಗೂ ಹೊರೆ, ಹಕ್ಕಿಗೂ ನರಕ. ಕೇಳಿ, ಕೆಲಸ ಹಂಚಿಕೊಂಡು, ಗೂಡು ಕಟ್ಟಿ ಮುಗಿಸಿದ ಮೇಲೆ ಮರಿ ತನ್ನಿ. ಮರಿಗಾಗಿ ಅವಸರಪಡಬೇಕಾಗಿಲ್ಲ, ಅವು ಮುಂದಿನ ತಿಂಗಳೂ ಸಿಗುತ್ತವೆ. ಒಣ ನೆಲ ತಯಾರಿದ್ದರೆ ಮಳೆ ಎಷ್ಟು ಬಂದರೂ ಬರಲಿ, ಬಾತುಕೋಳಿ ಅದನ್ನು ಸಂತೋಷದಿಂದಲೇ ನೆನೆಯುತ್ತದೆ.